ಹಿಪ್‌ಹಾಪ್ ಸಂಗೀತವೂ ಸ್ಯಾಂಪಲ್ ಹಿಡಿಯುವ ಡ್ರಮ್ ಯಂತ್ರಗಳೂ

ಅಮೆರಿಕದ ಹಿಪ್‌ಹಾಪ್ ಸಂಗೀತದ ವಿಚಾರ ತರಗತಿಯಲ್ಲಿ ಪ್ರಸ್ತಾಪಕ್ಕೆ ಬಂದಾಗಲೆಲ್ಲ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: ಅನ್ಯರು ನುಡಿಸಿ ಮುದ್ರಿಸಿದ ಧ್ವನಿಮುದ್ರಿಕೆಯಿಂದ ತುಣುಕೊಂದನ್ನು ಎತ್ತಿ ತನ್ನ ಹಾಡಿಗೆ ತಳಹದಿಯಾಗಿ ಮಾಡಿಕೊಳ್ಳುವುದು ರಚನೆಯೋ, ಕಳವೋ? ಇದಕ್ಕೆ ಉತ್ತರ ಹೇಳಹೊರಟವರು ಸಾಮಾನ್ಯವಾಗಿ ನ್ಯಾಯಾಲಯದ ತೀರ್ಪುಗಳಿಂದ ಆರಂಭಿಸುತ್ತಾರೆ. ಇಲ್ಲವೆ ಕಲೆಯಲ್ಲಿ ಸ್ವೋಪಜ್ಞತೆ ಎಂದರೇನೆಂಬ ತತ್ತ್ವವಿಚಾರದಿಂದ ಆರಂಭಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಆಮೇಲಿನ ಮಾತು. ಎತ್ತಿದವನ ಕೈಯಲ್ಲಿ ಯಾವ ಉಪಕರಣವಿದ್ದಿತು, ಅದು ಎಷ್ಟನ್ನು ಹಿಡಿಯಬಲ್ಲುದಾಗಿತ್ತು, ಹಿಡಿದುದನ್ನು ಏನು ಮಾಡಬಲ್ಲುದಾಗಿತ್ತು ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರ ದೊರೆಯಲಾರದು. 1985ರಿಂದ ಮುಂದೆ ಸುಮಾರು ಹತ್ತು ವರ್ಷಗಳ ಕಾಲ ನ್ಯೂಯಾರ್ಕ್ ನಗರದ ಹಿಪ್‌ಹಾಪ್ ಸಂಗೀತಕ್ಕೆ ಆಧಾರವಾಗಿದ್ದ ಎರಡು ಮೂರು ಯಂತ್ರಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ವಿದ್ಯಾರ್ಥಿಗಳ ಪ್ರಶ್ನೆಗೆ ಆ ಬಳಿಕ ಬರೋಣ.

ಯಂತ್ರಗಳಿಗಿಂತ ಹಿಂದಿನ ಸಂಗತಿಯನ್ನು ಮೊದಲು ಹೇಳಬೇಕು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಿಳಾಸದ ವಸತಿ ಕಟ್ಟಡದಲ್ಲಿ ಒಂದು ಕೂಟ ನಡೆಯಿತು. ಅಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸಿದವರು ಕ್ಲೈವ್ ಕ್ಯಾಂಪ್‌ಬೆಲ್. ಬಾಲ್ಯದಲ್ಲಿ ಜಮೈಕಾದಿಂದ ವಲಸೆ ಬಂದ ಈ ತರುಣರು ಕೂಲ್ ಹರ್ಕ್ ಎಂಬ ಹೆಸರಿನಿಂದ ಪ್ರಸಿದ್ಧರಾದರು. ಹಿಪ್‌ಹಾಪಿನ ಚರಿತ್ರೆಯನ್ನು ಈ ದಿನದಿಂದ ಎಣಿಸುವುದು ವಾಡಿಕೆ. ಕುಣಿಯುವವರು ಹಾಡಿನ ಯಾವ ಭಾಗಕ್ಕಾಗಿ ಕಾದು ನಿಲ್ಲುತ್ತಾರೆಂಬುದನ್ನು ಹರ್ಕ್ ಗಮನಿಸಿದ್ದರು. ಗಾಯನವೂ ಇತರ ವಾದ್ಯಗಳೂ ನಿಂತು ಡ್ರಮ್ಮು ಮಾತ್ರ ನುಡಿಯುವ ಕೆಲವು ಆವರ್ತಗಳೇ ಆ ಭಾಗ. ಇದಕ್ಕೆ ಬ್ರೇಕ್ ಎಂದು ಹೆಸರು. (ಇದನ್ನು ನಮ್ಮ ಕಚೇರಿಯ ತನಿ ಆವರ್ತನದೊಡನೆ ಹೋಲಿಸುವ ಚಪಲ ಉಂಟಾಗಬಹುದು. ಹೋಲಿಕೆ ಸಲ್ಲದು. ತನಿ ಆವರ್ತನ ವಾದಕನು ತನ್ನ ಪ್ರೌಢಿಮೆಯನ್ನು ತೋರಲು ಬಿಟ್ಟುಕೊಟ್ಟ ಅವಕಾಶ. ಬ್ರೇಕ್ ಎಂಬುದು ಇತರರು ಉಸಿರೆಳೆದುಕೊಳ್ಳುವಷ್ಟು ಹೊತ್ತು ಡ್ರಮ್ಮಿನವನು ತನ್ನ ಕೆಲಸವನ್ನು ತಾನು ಮಾಡುತ್ತಿರುವುದು, ಅಷ್ಟೆ.) ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ಲುಗಳ ಮೇಲಿಟ್ಟು, ಒಂದರಲ್ಲಿ ಬ್ರೇಕು ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಕ್ಷಣಕಾಲದ ಬ್ರೇಕನ್ನು ಬೇಕಾದಷ್ಟು ಹೊತ್ತು ಎಳೆಯುವುದು ಹರ್ಕ್ ಕಂಡುಕೊಂಡ ಉಪಾಯ. ಆ ಲಯದ ಮೇಲೆ ಪ್ರಾಸಬದ್ಧವಾಗಿ ಮಾತು ಹೆಣೆಯುವ ರ‍್ಯಾಪ್ ಬೆಳೆಯಿತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ವಾಚಕರನ್ನು ಕೋರುತ್ತೇವೆ. ತಾವು ಹುಡುಕಿ ತಂದ ಮುದ್ರಿಕೆ ಯಾವುದೆಂದು ಪ್ರತಿಸ್ಪರ್ಧಿಗಳಿಗೆ ಗೊತ್ತಾಗಬಾರದೆಂದು ಹರ್ಕ್ ತಟ್ಟೆಗಳನ್ನು ನೀರಿನಲ್ಲಿ ನೆನೆಹಾಕಿ ನಡುವಣ ಲೇಬಲ್ಲನ್ನು ಕಿತ್ತುಹಾಕುತ್ತಿದ್ದರು. ಹಾಡಿನ ಹೆಸರು, ಹಾಡಿದವರ ಹೆಸರು ಎರಡೂ ನೀರಿನ ಪಾಲಾದವು. ಡ್ರಮ್ ನುಡಿಸಿದವನ ಹೆಸರಂತೂ ಆ ಲೇಬಲ್ಲಿನ ಮೇಲೆ ಮೊದಲೇ ಇರುತ್ತಿರಲಿಲ್ಲ. ಹಿನ್ನೆಲೆ ವಾದಕರ ಹೆಸರನ್ನು ಅಲ್ಲಿ ಅಚ್ಚುಮಾಡುವುದು ಆಗಿನ ರೂಢಿಯಲ್ಲ.

ಹಿಪ್‌ಹಾಪ್ ಕೂಟಗಳಿಂದ ಧ್ವನಿಮುದ್ರಣ ಶಾಲೆಗೆ ಹೋದಾಗ ತೊಡಕು ತಲೆದೋರಿತು. 1979ರಲ್ಲಿ ಹೊರಬಂದು ಜನಪ್ರಿಯವಾದ ‘ರ‍್ಯಾಪರ್ಸ್ ಡಿಲೈಟ್’ ಮುದ್ರಿಕೆಯಲ್ಲಿ ಷೀಕ್ ತಂಡದ ‘ಗುಡ್ ಟೈಮ್ಸ್’ ಗೀತೆಯ ಲಯವನ್ನು ವಾದಕರನ್ನು ಕೂಡಿಸಿ ಹೊಸದಾಗಿ ನುಡಿಸಲಾಯಿತು. ಕೂಟದಲ್ಲಿ ಕೇಳಿದ ಧ್ವನಿಗೂ ತಟ್ಟೆಯಲ್ಲಿ ಕೇಳಿದ ಧ್ವನಿಗೂ ಅಂತರ ಉಂಟಾದುದು ಹೀಗೆ. ಅನಂತರ ಯಂತ್ರಗಳು ಬಂದವು. ರೋಲೆಂಡ್ ಸಂಸ್ಥೆಯ ಟಿಆರ್-808 ಎಂಬ ಡ್ರಮ್ ಯಂತ್ರ 1980ರದು. 1982ರ ‘ಪ್ಲಾನೆಟ್ ರಾಕ್’ ಎಂಬ ಪ್ರಸಿದ್ಧ ಮುದ್ರಿಕೆಯ ಲಯ ಇದರದೇ. ಆದರೆ ಇದರ ಧ್ವನಿ ನಿಜವಾದ ಡ್ರಮ್ಮಿನದಲ್ಲ. ವಿದ್ಯುನ್ಮಂಡಲಗಳ ಕಂಪನದಿಂದ ಹುಟ್ಟಿಸಿದ್ದು. ಅದೇ 1980ರಲ್ಲಿ ರೋಜರ್ ಲಿನ್ ಎಂಬವರು ನಿರ್ಮಿಸಿದ ಎಲ್‌ಎಂ-1 ಎಂಬ ಯಂತ್ರ ನಿಜವಾದ ಡ್ರಮ್ಮಿನ ಪೆಟ್ಟುಗಳನ್ನು ಅಂಕಿಗಳ ರೂಪದಲ್ಲಿ ಒಳಗಿಟ್ಟುಕೊಂಡಿದ್ದ ಮೊದಲ ಡ್ರಮ್ ಯಂತ್ರ. ಬೆಲೆ ಸುಮಾರು 5,000 ಡಾಲರು. ತಯಾರಾದುವು ಐನೂರರ ಆಸುಪಾಸು. ಅದರೊಳಗಿನ ಪೆಟ್ಟುಗಳು ತಯಾರಕರು ಇಟ್ಟುಕೊಟ್ಟವು. ಕೊಂಡವನು ತನಗೆ ಪ್ರಿಯವಾದ ಡ್ರಮ್ಮನ್ನು ಅದಕ್ಕೆ ಕೇಳಿಸುವಂತಿರಲಿಲ್ಲ.

ಆ ಬಾಗಿಲನ್ನು ತೆರೆದುದು ಕ್ಯಾಲಿಫೋರ್ನಿಯದ ಇ-ಮ್ಯು ಸಿಸ್ಟಮ್ಸ್. ಈ ಸಂಸ್ಥೆಯ ಎಸ್‌ಪಿ-12 ಎಂಬ ಯಂತ್ರ 1985ರಲ್ಲಿಯೂ ಎಸ್‌ಪಿ-1200 ಎಂಬುದು 1987ರಲ್ಲಿಯೂ ಹೊರಬಂದವು. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡೇವ್ ರಾಸಮ್ ಇವುಗಳ ವಿನ್ಯಾಸಕಾರರು. ಹೊರಗಿನ ಯಾವುದೇ ಧ್ವನಿಯನ್ನು ಹಿಡಿದಿಟ್ಟು ಒಂದು ಗುಂಡಿಗೆ ಕಟ್ಟಿ, ಗುಂಡಿಯನ್ನು ಒತ್ತಿದಾಗ ಅದು ನುಡಿಯುವಂತೆ ಮಾಡುವ ಶಕ್ತಿ ಇವಕ್ಕಿದ್ದಿತು. ಹೀಗೆ ಹಿಡಿದ ತುಣುಕಿಗೆ ಸ್ಯಾಂಪಲ್ ಎಂದು ಹೆಸರು. ಎಂಜಿನಿಯರುಗಳು ಇದೇ ಮಾತನ್ನು ಬೇರೊಂದು ಅರ್ಥದಲ್ಲಿ ಬಳಸುವುದರಿಂದ ಗೊಂದಲವಾಗುವುದುಂಟು; ಅವರ ಅರ್ಥವನ್ನು ಸೂಚಿಸಲು ನಾವು ‘ಅಳತೆ’ ಎಂಬ ಮಾತನ್ನು ಬಳಸುತ್ತೇವೆ.

ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಅದನ್ನು ಮೈಕ್ರೊಫೋನಾಗಲಿ ಗ್ರಾಮಫೋನಿನ ಮುಳ್ಳಾಗಲಿ ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಈ ಏರಿಳಿತವನ್ನು ಎಸ್‌ಪಿ-1200 ಯಂತ್ರ ಸೆಕೆಂಡಿಗೆ 26,040 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 12 ಬಿಟ್‌ಗಳ ಅಂಕಿಯಾಗಿ, ಎಂದರೆ 4,096 ಮೆಟ್ಟಲುಗಳಲ್ಲಿ ಯಾವುದಾದರೊಂದಕ್ಕೆ ಕೂಡಿಸಿ ಬರೆದಿಡುತ್ತದೆ. ಅದೇ ಕಾಲದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಅಳತೆಗಳು, 65,536 ಮೆಟ್ಟಲುಗಳು. ಅಳತೆಗಳ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚಿನ ಕಂಪನಗಳನ್ನು ಯಾವ ಯಂತ್ರವೂ ಯಥಾವತ್ತಾಗಿ ಹಿಡಿಯಲಾರದೆಂಬುದು ಗಣಿತದ ನಿಯಮ. ಆದುದರಿಂದ ಎಸ್‌ಪಿ-1200 ಸೆಕೆಂಡಿಗೆ ಸುಮಾರು 13,000ಕ್ಕಿಂತ ಮೇಲಿನ ಕಂಪನಗಳನ್ನು ಹಿಡಿಯದು. ತರುಣರ ಕಿವಿ ಸುಮಾರು 20,000ದವರೆಗೆ ಕೇಳಬಲ್ಲುದಾದುದರಿಂದ, ಹೈ-ಹ್ಯಾಟ್ ಮುಂತಾದ ಕಂಚಿನ ತಟ್ಟೆಗಳ ಮಿಣುಕು ಇದರಲ್ಲಿ ಮೊದಲೇ ಮಂಕಾಗುತ್ತದೆ.

ಮುಖ್ಯವಾದ ಮಿತಿ ಇದಲ್ಲ, ಸ್ಮೃತಿಯ ಮಿತಿ. ಎಸ್‌ಪಿ-1200 ಯಂತ್ರದ ಸ್ಮೃತಿಕೋಶ ಹಿಡಿಯುತ್ತಿದ್ದುದು ಒಟ್ಟು 10.07 ಸೆಕೆಂಡುಗಳ ಧ್ವನಿ, ಎಂದರೆ ಸುಮಾರು 2,62,000 ಅಳತೆಗಳು. ಅದೂ ಒಂದೇ ಹರವಿನಲ್ಲಲ್ಲ. ಕೋಶ ನಾಲ್ಕು ಭಾಗವಾಗಿದ್ದು ಯಾವ ಒಂದು ತುಣುಕೂ ಎರಡೂವರೆ ಸೆಕೆಂಡನ್ನು ಮೀರುವಂತಿರಲಿಲ್ಲ. ಹಿಂದಿನ ಎಸ್‌ಪಿ-12 ಇನ್ನೂ ಚಿಕ್ಕದು: ಹೆಚ್ಚುವರಿ ಸ್ಮೃತಿಯನ್ನು ಕೊಂಡು ಸೇರಿಸಿದರೂ ಒಟ್ಟು ಐದು ಸೆಕೆಂಡು. ತಯಾರಕರನ್ನು ಇದಕ್ಕಾಗಿ ದೂರುವಂತಿಲ್ಲ. ಸ್ಮೃತಿಯ ಚಿಪ್ಪುಗಳು ಆಗ ತುಟ್ಟಿ. ಯಂತ್ರದ ಬೆಲೆ ಸುಮಾರು 3,000 ಡಾಲರಿನೊಳಗೆ ನಿಲ್ಲಬೇಕಾಗಿದ್ದಿತು. ಅಲ್ಲದೆ ಇದು ಡ್ರಮ್ ಯಂತ್ರ. ಡ್ರಮ್ಮಿನ ಒಂದು ಪೆಟ್ಟು ಅರ್ಧ ಸೆಕೆಂಡಿನಲ್ಲಿ ಆರಿಹೋಗುತ್ತದೆ. ಪೆಟ್ಟುಗಳನ್ನು ಶೇಖರಿಸುವವನಿಗೆ ಹತ್ತು ಸೆಕೆಂಡು ಧಾರಾಳವಾಯಿತು.

ಬ್ರಾಂಕ್ಸ್, ಕ್ವೀನ್ಸ್, ಲಾಂಗ್ ಐಲೆಂಡುಗಳ ತರುಣರು ಇದನ್ನು ಕೊಂಡುದು ಪೆಟ್ಟುಗಳಿಗಾಗಿ ಮಾತ್ರವಲ್ಲ. ಹರ್ಕ್ ಎರಡು ಟರ್ನ್‌ಟೇಬಲ್ಲುಗಳಿಂದ ಮಾಡುತ್ತಿದ್ದುದನ್ನು, ಎಂದರೆ ಹಳೆಯ ಮುದ್ರಿಕೆಯ ಇಡೀ ಆವರ್ತವನ್ನು ಸುತ್ತಿಸುವುದನ್ನು, ಯಂತ್ರದ ಕೈಯಲ್ಲಿ ಮಾಡಿಸುವುದು ಅವರಿಗೆ ಬೇಕಾಗಿದ್ದಿತು. ಆಗ ಎರಡೂವರೆ ಸೆಕೆಂಡಿನ ಲೆಕ್ಕ ಎಲ್ಲಕ್ಕಿಂತ ಮುಖ್ಯವಾಯಿತು. ನಿಮಿಷಕ್ಕೆ 96 ಎಣಿಕೆಗಳ ವೇಗದಲ್ಲಿ ನಾಲ್ಕೆಣಿಕೆಯ ಒಂದು ಆವರ್ತ ತೆಗೆದುಕೊಳ್ಳುವ ಕಾಲ ಸರಿಯಾಗಿ ಎರಡೂವರೆ ಸೆಕೆಂಡು. ಆ ವರ್ಷಗಳ ಹಿಪ್‌ಹಾಪ್ ಗೀತೆಗಳಲ್ಲಿ ಬಹುಪಾಲು ಈ ವೇಗದ ಆಸುಪಾಸಿನಲ್ಲಿಯೇ ನಡೆಯುತ್ತವೆ. ಇದು ಯಂತ್ರದ ಕಟ್ಟಳೆಯಿಂದಲೇ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ರ‍್ಯಾಪಿನ ಮಾತಿಗೂ ಆ ವೇಗ ಒಗ್ಗುತ್ತದೆ. ಆದರೂ ಒಂದು ಕೋಶಭಾಗಕ್ಕೆ ಒಂದು ಆವರ್ತ ಹಿಡಿಸಿದುದು, ಆವರ್ತವೊಂದನ್ನೇ ಮೂಲಘಟಕವಾಗಿ ಮಾಡಿಕೊಂಡು ರಚಿಸುವ ರೂಢಿಯನ್ನು ಬಲಪಡಿಸಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಎರಡೂವರೆ ಸೆಕೆಂಡಿಗಿಂತ ಉದ್ದವಾದುದು ಬೇಕಾದಾಗ ಏನು ಮಾಡುವುದು? ಇದಕ್ಕೆ ಅವರು ಕಂಡುಕೊಂಡ ಉಪಾಯ ಜಾಣತನದ್ದು. ದೊಡ್ಡ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದುದು. ಅದನ್ನು 45 ಸುತ್ತಿನ ವೇಗಕ್ಕೆ ಇಟ್ಟು ನುಡಿಸಿದರೆ ಎಲ್ಲವೂ 1.35ರಷ್ಟು ಬೇಗ ಓಡುತ್ತದೆ. ಶ್ರುತಿಯೂ ಅದೇ ಪ್ರಮಾಣದಲ್ಲಿ ಏರಿ, ಷಡ್ಜವಿದ್ದುದು ಶುದ್ಧ ಮಧ್ಯಮಕ್ಕಿಂತ ತುಸು ಮೇಲೆ ಹೋಗಿ ನಿಲ್ಲುತ್ತದೆ. ಹೀಗೆ ಓಡುವುದನ್ನು ಯಂತ್ರದೊಳಗೆ ಹಿಡಿದು, ಅನಂತರ ಯಂತ್ರದಲ್ಲಿಯೇ ಶ್ರುತಿಯನ್ನು ಇಳಿಸಿ ಮೊದಲಿನ ವೇಗಕ್ಕೆ ತಂದರಾಯಿತು. ಎರಡೂವರೆ ಸೆಕೆಂಡಿನ ಜಾಗದಲ್ಲಿ ಸುಮಾರು 3.4 ಸೆಕೆಂಡು ಹಿಡಿಸುತ್ತದೆ. ಇಡೀ ಕೋಶದಲ್ಲಿ 10 ಸೆಕೆಂಡಿನ ಬದಲು ಹದಿಮೂರೂವರೆ.

ಈ ಉಳಿತಾಯಕ್ಕೆ ತೆರ ತೆರಬೇಕಾಯಿತು. ಇಳಿಸಿದ ಮೇಲೆ ಆ ತುಣುಕಿನಲ್ಲಿ ಉಳಿಯುವ ಮೂಲ ಕಂಪನಗಳ ಮೇಲ್ಮಿತಿ 13,000 ಅಲ್ಲ, 9,600ರ ಸುಮಾರು. ಅಲ್ಲದೆ ಶ್ರುತಿಯನ್ನು ಇಳಿಸುವಾಗ ಈ ಯಂತ್ರ ನಡುವಣ ಅಳತೆಗಳನ್ನು ಲೆಕ್ಕಹಾಕಿ ತುಂಬುವುದಿಲ್ಲ. ಇದ್ದ ಅಳತೆಗಳಲ್ಲಿಯೇ ಕೆಲವನ್ನು ಎರಡೆರಡು ಸಲ ಓದುತ್ತದೆ. ಇದರಿಂದ ಮೂಲದಲ್ಲಿಲ್ಲದ ಹೊಸ ಕಂಪನಗಳು ಹುಟ್ಟಿ, ಧ್ವನಿಯ ಅಂಚಿನಲ್ಲಿ ಒಂದು ಬಗೆಯ ಕಂಚಿನ ಝೇಂಕಾರವೂ ಮರಳಿನಂಥ ತರಿಯೂ ಕೂಡಿಕೊಳ್ಳುತ್ತವೆ. ಎಂಟು ಹೊರದಾರಿಗಳಲ್ಲಿ ಮೊದಲ ಎರಡಕ್ಕೆ ಮಾತ್ರ ಚಲಿಸುವ ಸೋಸುಮಂಡಲಗಳಿದ್ದವು. ಕೊನೆಯ ಎರಡಕ್ಕೆ ಯಾವ ಸೋಸುವಿಕೆಯೂ ಇಲ್ಲ. ಆದುದರಿಂದ ಒಂದೇ ತುಣುಕು ಒಂದು ದಾರಿಯಲ್ಲಿ ಬಂದರೆ ಬರಿಯ ಮಂದ್ರದ ಗುಂಯ್‌ಗುಡುವಿಕೆ, ಇನ್ನೊಂದರಲ್ಲಿ ಬಂದರೆ ಒರಟು. ಈ ಒರಟನ್ನೇ ಮೆಚ್ಚಿ ‘ಬೆಚ್ಚನೆಯ ಧ್ವನಿ’ ಎಂದು ಹೊಗಳುವವರು ಇಂದು ಬಹಳ ಮಂದಿ. ಹಳೆಯ ಯಂತ್ರಗಳನ್ನು ಮಾರುವವರಿಗಂತೂ ಈ ಮಾತು ಮಂತ್ರದಂತೆ ಒದಗುತ್ತದೆ. ನಡೆದುದನ್ನು ನೋಡಿದರೆ ಅದು ದೋಷವೇ. ದೋಷವನ್ನು ಕೇಳಿಸಿಕೊಂಡು, ಅದಕ್ಕೆ ಒಗ್ಗುವ ತುಣುಕುಗಳನ್ನು ಆರಿಸಿಕೊಂಡವರ ಕಿವಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಚಿಪ್ಪುಗಳಿಗೆ ಕೊಡುವುದು ಉಚಿತವಲ್ಲ.

ಇಡೀ ಆವರ್ತವನ್ನು ಹಿಡಿಯುವುದು ಒಂದು ಬಗೆ. ಆವರ್ತವನ್ನು ಒಡೆಯುವುದು ಇನ್ನೊಂದು. ಇದರ ಆದಿಯನ್ನು ಕ್ವೀನ್ಸಿನ ಮಾರ್ಲಿ ಮಾರ್ಲ್ ಅವರಿಗೆ ಸಲ್ಲಿಸುವುದು ವಾಡಿಕೆ. 1980ರ ದಶಕದ ನಡುಭಾಗದಲ್ಲಿ ಮುದ್ರಿಕೆಯೊಂದರಿಂದ ಬೇರೇನನ್ನೋ ಹಿಡಿಯಹೋಗಿ ಅಕಸ್ಮಾತ್ತಾಗಿ ಸ್ನೇರ್ ಡ್ರಮ್ಮಿನ ಒಂದು ಪೆಟ್ಟು ಒಂಟಿಯಾಗಿ ಸಿಕ್ಕಿತೆಂದು ಅವರೇ ಹೇಳಿಕೊಂಡಿದ್ದಾರೆ. ಹನಿ ಡ್ರಿಪ್ಪರ್ಸ್ ತಂಡದ 1973ರ ‘ಇಂಪೀಚ್ ದಿ ಪ್ರೆಸಿಡೆಂಟ್’ ಗೀತೆಯ ಡ್ರಮ್ಮು ಅವರ ‘ದಿ ಬ್ರಿಜ್’ ಎಂಬ ರಚನೆಯಲ್ಲಿ ಹೀಗೆ ಬಿಡಿಬಿಡಿಯಾಗಿ ಬಂದು ಹೊಸ ನಡೆಯಲ್ಲಿ ಕೂಡಿಕೊಂಡಿತು. ಇದರ ಮಹತ್ತ್ವ ಎಷ್ಟೆಂಬುದನ್ನು ನಿಧಾನಿಸಿ ನೋಡಬೇಕು. ಹರ್ಕ್ ಅವರ ಕೈಯಲ್ಲಿ ಬ್ರೇಕು ಉದ್ದವಾಯಿತು, ಆದರೆ ಅದರ ನಡೆ ಮೂಲವಾದಕನದೇ ಆಗಿ ಉಳಿದಿದ್ದಿತು. ಪೆಟ್ಟುಗಳನ್ನು ಬಿಡಿಸಿದ ಮೇಲೆ ನಡೆ ಹೊಸಬನದು. ನಾದ ಮಾತ್ರ ಹಳಬನದು. ಚರ್ಮದ ಬಿಗಿ, ಕೋಲಿನ ತೂಕ, ಆ ಧ್ವನಿಮುದ್ರಣ ಶಾಲೆಯ ಗೋಡೆಗಳ ಮರುದನಿ, ಇವಷ್ಟೇ ಮೂಲದಿಂದ ಉಳಿದುಬಂದವು.

ಎಸ್‌ಪಿ ಯಂತ್ರಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದವು. ಎಂಟು ಗುಂಡಿಗಳು, ನಾಲ್ಕು ಕೋಶಭಾಗಗಳು, ಒಟ್ಟು 32 ತುಣುಕುಗಳು. ಪ್ರತಿಯೊಂದರ ಆದಿ ಅಂತ್ಯಗಳನ್ನು ಕತ್ತರಿಸಿ, ಶ್ರುತಿಯನ್ನು ಬದಲಿಸಿ, ಬೇಕಾದ ಎಣಿಕೆಯಲ್ಲಿ ಕೂಡಿಸಬಹುದು. ಮೂರೂವರೆ ಅಂಗುಲದ ಫ್ಲಾಪಿ ತಟ್ಟೆಯಲ್ಲಿ ತುಣುಕುಗಳನ್ನೂ ಜೋಡಣೆಯನ್ನೂ ಒಟ್ಟಿಗೆ ಉಳಿಸಿಡಬಹುದು. ಈ ಕೊನೆಯ ಸೌಲಭ್ಯದ ಆರ್ಥಿಕ ಪರಿಣಾಮವನ್ನು ಚರಿತ್ರಕಾರರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಧ್ವನಿಮುದ್ರಣ ಶಾಲೆಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಮನೆಯ ಮಲಗುವ ಕೋಣೆಯಲ್ಲಿ ರಾತ್ರಿಯೆಲ್ಲ ಕುಳಿತು ರಚನೆಯನ್ನು ಪೂರ್ತಿ ಮಾಡಿಕೊಂಡು, ಫ್ಲಾಪಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದವನಿಗೆ ಶಾಲೆಯಲ್ಲಿ ಬೇಕಾಗುತ್ತಿದ್ದುದು ಮುದ್ರಿಸುವಷ್ಟು ಹೊತ್ತು ಮಾತ್ರ. ವಾದಕರ ತಂಡವನ್ನು ಕಟ್ಟಿ ಸಂಬಳ ಕೊಡಲಾಗದವರಿಗೂ ಸಂಗೀತ ರಚನೆ ಸಾಧ್ಯವಾದುದು ಹೀಗೆ.

ಅಲ್ಟ್ರಾಮ್ಯಾಗ್ನೆಟಿಕ್ ಎಂಸೀಸ್ ತಂಡದ ಸೆಡ್ ಜೀ ಎಸ್‌ಪಿ-12ನ್ನು ಬಳಸಿ 1988ರ ‘ಕ್ರಿಟಿಕಲ್ ಬೀಟ್‌ಡೌನ್’ ಸಂಪುಟವನ್ನು ರೂಪಿಸಿದರು. 1989ರಲ್ಲಿ 24ನೆಯ ವಯಸ್ಸಿಗೇ ಹತರಾದ ಪಾಲ್ ಸಿ. ಮೆಕ್ಯಾಸ್ಟಿ ಈ ಯಂತ್ರವಿದ್ಯೆಯಲ್ಲಿ ಹಲವರಿಗೆ ಗುರುಸ್ಥಾನದಲ್ಲಿದ್ದವರು. ಲಾರ್ಜ್ ಪ್ರೊಫೆಸರ್ ಎಂಬ ಹೆಸರಿನ ರಚನಕಾರರು ಎಸ್‌ಪಿ-1200ರ ಬಳಕೆಯನ್ನು ಕಲಿತುದು ಇವರಲ್ಲಿಯೇ. ಪಬ್ಲಿಕ್ ಎನಿಮಿ ತಂಡಕ್ಕಾಗಿ ರಚಿಸುತ್ತಿದ್ದ ಬಾಂಬ್ ಸ್ಕ್ವಾಡ್ ಎಂಬ ಬಳಗದವರು ತುಣುಕಿನ ಮೇಲೆ ತುಣುಕನ್ನು ಹೇರಿ, ಯಾವುದು ಎಲ್ಲಿಂದ ಬಂದಿತೆಂದು ಬಿಡಿಸಲಾಗದ ದಟ್ಟಣೆಯನ್ನು ಉಂಟುಮಾಡಿದರು. ಇದಕ್ಕೆ ವಿರುದ್ಧವಾದ ದಾರಿ ಪೀಟ್ ರಾಕ್ ಅವರದು. 1990ರಲ್ಲಿ ಅಪಘಾತದಿಂದ ತೀರಿಕೊಂಡ ಟ್ರಾಯ್ ಡಿಕ್ಸನ್ ಎಂಬ ಗೆಳೆಯನ ನೆನಪಿಗಾಗಿ ಸಿ. ಎಲ್. ಸ್ಮೂತ್ ಅವರೊಡನೆ 1992ರಲ್ಲಿ ಹೊರತಂದ ‘ದೇ ರೆಮಿನಿಸ್ ಓವರ್ ಯು’ ಎಂಬ ಗೀತೆಯಲ್ಲಿ, ಟಾಮ್ ಸ್ಕಾಟ್ 1967ರಲ್ಲಿ ಮುದ್ರಿಸಿದ ‘ಟುಡೇ’ ಎಂಬುದರಿಂದ ಎತ್ತಿದ ಸ್ಯಾಕ್ಸೋಫೋನಿನ ಎಳೆಯೊಂದು ಮತ್ತೆ ಮತ್ತೆ ಬರುತ್ತದೆ. ಎರಡನ್ನೂ ಒಂದಾದಮೇಲೊಂದು ಕೇಳಿದವರಿಗೆ ಈ ಲೇಖನದ ಅರ್ಧ ವಾದ ತಾನಾಗಿ ಮನದಟ್ಟಾಗುತ್ತದೆ. ಮೂಲದಲ್ಲಿ ಆ ಎಳೆ ಹಾಡಿನ ಹರಿವಿನಲ್ಲಿ ಬಂದು ಹೋಗುವ ಅಲಂಕಾರ. ಯಂತ್ರದ ತರಿಯನ್ನು ಹೊತ್ತು ಬಂದಾಗ ಅದೇ ಶೋಕದ ಪಲ್ಲವಿ.

ಇನ್ನು ರೋಜರ್ ಲಿನ್ ಅವರ ಎರಡನೆಯ ಕೊಡುಗೆ. ಅವರ ಸ್ವಂತ ಸಂಸ್ಥೆ 1986ರಲ್ಲಿ ಮುಚ್ಚಿದ ತರುವಾಯ ಜಪಾನಿನ ಅಕಾಯ್ ಸಂಸ್ಥೆಗಾಗಿ ಅವರು ವಿನ್ಯಾಸಗೊಳಿಸಿದ ಎಂಪಿಸಿ-60 ಯಂತ್ರ 1988ರಲ್ಲಿ ಬಂದಿತು. ಸೆಕೆಂಡಿಗೆ 40,000 ಅಳತೆ, 13.1 ಸೆಕೆಂಡಿನ ಸ್ಮೃತಿ, ನಾಲ್ಕು ಸಾಲುಗಳಲ್ಲಿ ಹದಿನಾರು ಮೆತ್ತನೆಯ ಚೌಕಗಳು. ಬೆರಳಿನ ಬಲ ಎಷ್ಟೋ ನಾದವೂ ಅಷ್ಟು. ಇದರ ನಿಜವಾದ ವೈಶಿಷ್ಟ್ಯ ಕಾಲಗಣನೆಯಲ್ಲಿದೆ. ಒಂದು ಎಣಿಕೆಯನ್ನು ಯಂತ್ರ 96 ಸೂಕ್ಷ್ಮಭಾಗಗಳಾಗಿ ಒಡೆಯುತ್ತದೆ. ನಿಮಿಷಕ್ಕೆ 90 ಎಣಿಕೆಯ ವೇಗದಲ್ಲಿ ಒಂದು ಭಾಗ ಸೆಕೆಂಡಿನ ಸಾವಿರದಲ್ಲಿ ಏಳರಷ್ಟು. ನುಡಿಸುವವನ ಬೆರಳು ತುಸು ಹಿಂದುಮುಂದಾದರೆ ಪೆಟ್ಟನ್ನು ಸಮೀಪದ ಸ್ಥಾನಕ್ಕೆ ಎಳೆದು ಕೂಡಿಸುವ ವ್ಯವಸ್ಥೆ ಲಿನ್ ಅವರ ಯಂತ್ರಗಳಲ್ಲಿ ಎಲ್‌ಎಂ-1ರಿಂದಲೇ ಇದ್ದಿತು. ಅದರೊಡನೆ ಸ್ವಿಂಗ್ ಎಂಬುದೊಂದನ್ನು ಅವರು ಇರಿಸಿದ್ದರು. ಅರ್ಧ ಎಣಿಕೆಯ 48 ಭಾಗಗಳಲ್ಲಿ ಎರಡನೆಯ ಪೆಟ್ಟು 24ರ ಮೇಲೆ ಬಿದ್ದರೆ ಅದು ಸಮಭಾಗ, ನಮ್ಮ ಪರಿಭಾಷೆಯಲ್ಲಿ ಚತುರಶ್ರದ ನಡೆ. 32ರ ಮೇಲೆ ಬಿದ್ದರೆ ತಿಶ್ರದ ನಡೆ. ಎಂಪಿಸಿ ಇವೆರಡರ ನಡುವೆ 26, 28, 30ರ ಮೇಲೂ ಪೆಟ್ಟನ್ನು ನಿಲ್ಲಿಸುತ್ತದೆ. ಚತುರಶ್ರವೂ ಅಲ್ಲದ ತಿಶ್ರವೂ ಅಲ್ಲದ, ಕಾಗದದ ಮೇಲೆ ಬರೆಯಲು ಬಾರದ, ಆದರೆ ಮೈಯನ್ನು ತೂಗಿಸುವ ಆ ಒಲಪು ಇಲ್ಲಿ ಎಣಿಸಬಹುದಾದ ಅಂಕಿಯಾಯಿತು. ಮುಂದೆ 1994ರ ಎಂಪಿಸಿ-3000 ಯಂತ್ರದ ಮೇಲೆ ಡೆಟ್ರಾಯಿಟ್ ನಗರದ ಜೆ ಡಿಲ್ಲಾ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದರು. ಅವರು ತಿದ್ದುವ ವ್ಯವಸ್ಥೆಯನ್ನೇ ನಿಲ್ಲಿಸಿ ಕೈಯಿಂದ ನುಡಿಸುತ್ತಿದ್ದರೆಂದು ಬಹುಕಾಲ ನಂಬಲಾಗಿದ್ದಿತು. ಅಷ್ಟೇ ಅಲ್ಲ, ಬೇರೆಬೇರೆ ಪೆಟ್ಟುಗಳನ್ನು ಯಂತ್ರದಲ್ಲಿಯೇ ಬೇಕೆಂದು ಹಿಂದೆಮುಂದೆ ಸರಿಸಿ ಸಮವನ್ನೂ ಒಲಪನ್ನೂ ಏಕಕಾಲದಲ್ಲಿ ಕೇಳಿಸುತ್ತಿದ್ದರೆಂದು 2022ರಲ್ಲಿ ಡ್ಯಾನ್ ಚಾರ್ನಸ್ ಅವರು ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. 2006ರಲ್ಲಿ ತೀರಿಕೊಂಡ ಡಿಲ್ಲಾ ಅವರ ಯಂತ್ರ ಈಗ ವಾಷಿಂಗ್‌ಟನ್ನಿನ ಆಫ್ರಿಕನ್-ಅಮೆರಿಕನ್ ಚರಿತ್ರೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರಬಹುದು. ಇದು ಕಳವೆಂದು ಅಮೆರಿಕದ ನ್ಯಾಯಾಲಯ ಮೊದಲು ಸ್ಪಷ್ಟವಾಗಿ ಹೇಳಿದುದು 1991ರ ಡಿಸೆಂಬರಿನಲ್ಲಿ. ಬಿಜ್ ಮಾರ್ಕಿ ಎಂಬ ಗಾಯಕರು ಗಿಲ್ಬರ್ಟ್ ಓ’ಸಲಿವನ್ ಅವರ 1972ರ ಗೀತೆಯೊಂದರ ಪಿಯಾನೋ ಭಾಗವನ್ನು ಅನುಮತಿಯಿಲ್ಲದೆ ಎತ್ತಿ ಸುತ್ತಿಸಿ, ಅದರ ಪಲ್ಲವಿಯ ಮಾತನ್ನೂ ಉಳಿಸಿಕೊಂಡು ಹಾಡಿದ್ದರು. ನ್ಯಾಯಾಧೀಶ ಕೆವಿನ್ ಡಫ್ಫಿ ಅವರು ತಮ್ಮ ತೀರ್ಪನ್ನು ಕಳವನ್ನು ನಿಷೇಧಿಸುವ ಬೈಬಲ್ಲಿನ ಆಜ್ಞೆಯಿಂದಲೇ ಆರಂಭಿಸಿ, ಮುದ್ರಿಕೆಯ ಮಾರಾಟವನ್ನು ತಡೆದು, ಕ್ರಿಮಿನಲ್ ವಿಚಾರಣೆಯನ್ನು ಪರಿಶೀಲಿಸುವಂತೆ ಸರ್ಕಾರಿ ವಕೀಲರಿಗೆ ಬರೆದರು. ನ್ಯಾಯದ ದೃಷ್ಟಿಯಿಂದ ಆ ಮೊಕದ್ದಮೆಯಲ್ಲಿ ತೀರ್ಪು ಬೇರೆಯಾಗುವುದು ಕಷ್ಟವಿದ್ದಿತು. ಎತ್ತಿದುದು ಇಡಿಯಾದ ಎಳೆ, ಗುರುತು ಸಿಗುವ ರಾಗ. ನಮ್ಮ ಆಕ್ಷೇಪಣೆ ಇರುವುದು ಆ ಪಾಠವನ್ನು ಎಲ್ಲಕ್ಕೂ ಅನ್ವಯಿಸಿದುದರ ಬಗ್ಗೆ. ಮುದ್ರಣಸಂಸ್ಥೆಗಳು ಅಂದಿನಿಂದ ಪ್ರತಿಯೊಂದು ತುಣುಕಿಗೂ ಅನುಮತಿಪತ್ರ ಕೇಳತೊಡಗಿದವು. ಒಂದು ಗೀತೆಯಲ್ಲಿ ಒಂದು ತುಣುಕಿದ್ದರೆ ಹಣ ಕೊಟ್ಟು ಅನುಮತಿ ಪಡೆಯಬಹುದು. ಬಾಂಬ್ ಸ್ಕ್ವಾಡಿನವರಂತೆ ಹತ್ತಾರು ಹೇರಿದವನು ಎಷ್ಟು ಮಂದಿಯ ಬಾಗಿಲು ತಟ್ಟಬೇಕು? ಪರಿಣಾಮ ವಿಪರ್ಯಾಸದ್ದು: ಹೆಚ್ಚು ರೂಪಾಂತರಿಸಿದ ಕಲೆಗೆ ದಾರಿ ಮುಚ್ಚಿತು, ಇಡಿಯಾಗಿ ಒಂದನ್ನೇ ಎತ್ತುವ, ಹಣವುಳ್ಳವರ ಕಲೆಗೆ ತೆರೆದೇ ಉಳಿಯಿತು. ಡಿ ಲಾ ಸೋಲ್ ತಂಡದ 1989ರ ‘ತ್ರೀ ಫೀಟ್ ಹೈ ಅಂಡ್ ರೈಸಿಂಗ್’ ಎಂಬ ಮೊದಲ ಸಂಪುಟ ಅನುಮತಿಗಳ ತೊಡಕಿನಿಂದಾಗಿ ಅಂತರಜಾಲದ ಸಂಗೀತಸೇವೆಗಳಿಗೆ ಬಂದುದು 2023ರ ಮಾರ್ಚಿಯಲ್ಲಿ.

ಮುಂದಣ ತೀರ್ಪುಗಳು ಒಂದಕ್ಕೊಂದು ಹೊಂದುವುದಿಲ್ಲ. ಫಂಕಡೆಲಿಕ್ ತಂಡದ ಗಿಟಾರಿನ ಎರಡು ಸೆಕೆಂಡಿನ ತುಣುಕನ್ನು ಶ್ರುತಿ ಇಳಿಸಿ ಹದಿನಾರು ಎಣಿಕೆಗೆ ಎಳೆದ ಪ್ರಕರಣದಲ್ಲಿ, ಎಂದರೆ ಮೇಲೆ ವಿವರಿಸಿದ ಯಂತ್ರಕ್ರಿಯೆಯಲ್ಲಿ, ತುಣುಕು ಎಷ್ಟು ಚಿಕ್ಕದಾದರೂ ಅನುಮತಿ ಬೇಕೆಂದು ಅಮೆರಿಕದ ಆರನೆಯ ವಿಭಾಗದ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಹೇಳಿತು. ಮಡೋನಾ ಅವರ ‘ವೋಗ್’ ಗೀತೆಯಲ್ಲಿದ್ದ 0.23 ಸೆಕೆಂಡಿನ ತುತ್ತೂರಿಯ ತುಣುಕಿನ ಪ್ರಕರಣದಲ್ಲಿ ಒಂಬತ್ತನೆಯ ವಿಭಾಗದ ನ್ಯಾಯಾಲಯ 2016ರಲ್ಲಿ ಇದನ್ನು ಒಪ್ಪಲಿಲ್ಲ.

ಈ ವ್ಯಾಜ್ಯಗಳಲ್ಲಿ ಎದುರುಬದುರಾಗಿ ನಿಂತವರು ಯಾರೆಂಬುದನ್ನು ಕೊನೆಯದಾಗಿ ಗಮನಿಸಬೇಕು. ಅಮೆರಿಕದ ಕಾನೂನಿನಂತೆ ಒಂದು ಮುದ್ರಿಕೆಯಲ್ಲಿ ಎರಡು ಹಕ್ಕುಗಳಿವೆ: ಗೀತೆಯನ್ನು ರಚಿಸಿದವನದು ಒಂದು, ಧ್ವನಿಮುದ್ರಣದ ಒಡೆಯನದು ಇನ್ನೊಂದು. ಡ್ರಮ್ ನುಡಿಸಿ ಅಂದಿನ ಸಂಭಾವನೆ ಪಡೆದು ಮನೆಗೆ ಹೋದವನು ಸಾಮಾನ್ಯವಾಗಿ ಇವೆರಡರಲ್ಲಿ ಎಲ್ಲಿಯೂ ಬರುವುದಿಲ್ಲ. ಕ್ಲೈಡ್ ಸ್ಟಬಲ್‌ಫೀಲ್ಡ್ 1969ರ ನವೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಗೀತೆಗಾಗಿ ನುಡಿಸಿದ ಎಂಟು ಆವರ್ತಗಳ ಬ್ರೇಕು, ಹಿಪ್‌ಹಾಪಿನಲ್ಲಿ ಅತ್ಯಂತ ಹೆಚ್ಚಾಗಿ ಎತ್ತಲ್ಪಟ್ಟವುಗಳಲ್ಲೊಂದು. ಪಬ್ಲಿಕ್ ಎನಿಮಿ ತಂಡದ ಹಲವು ಗೀತೆಗಳು ನಿಂತಿರುವುದು ಅದರ ಮೇಲೆಯೇ. ಗೀತೆಯ ರಚನಕಾರರೆಂದು ದಾಖಲಾಗಿರುವವರು ಬ್ರೌನ್. ಅನುಮತಿಪತ್ರವಿಲ್ಲದೆ ಎತ್ತಿದ ಕಾಲದಲ್ಲಿ ಸ್ಟಬಲ್‌ಫೀಲ್ಡ್ ಅವರಿಗೆ ಏನೂ ಬರಲಿಲ್ಲ. ಅನುಮತಿಪತ್ರ ಕಡ್ಡಾಯವಾದ ಮೇಲೆಯೂ ಆ ಹಣ ಹಕ್ಕುದಾರರಿಗೆ ಹೋಯಿತೇ ಹೊರತು ಅವರಿಗಲ್ಲ. ಆದುದರಿಂದ ‘ಕಳವೇ?’ ಎಂದು ಕೇಳುವ ವಿದ್ಯಾರ್ಥಿಗೆ ನಾವು ಮರುಪ್ರಶ್ನೆ ಹಾಕುವುದುಂಟು: ಯಾರಿಂದ? ಪೆಟ್ಟುಗಳನ್ನು ಒಡೆದು ಕೂಡಿಸಿದವನು ರಚನಕಾರನೆಂಬುದನ್ನು ನಾವು ನಿಸ್ಸಂದೇಹವಾಗಿ ಒಪ್ಪುತ್ತೇವೆ. ಆ ಪೆಟ್ಟನ್ನು ಹೊಡೆದವನ ಋಣ ತೀರಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ನ್ಯಾಯಾಲಯಗಳೂ ಅದನ್ನು ತೀರಿಸಲಿಲ್ಲ. ತಮಗೆ ಹಣಕ್ಕಿಂತ ತಮ್ಮ ಹೆಸರು ನಮೂದಾಗುವುದು ಮುಖ್ಯವೆಂದು ಸ್ಟಬಲ್‌ಫೀಲ್ಡ್ ಹೇಳುತ್ತಿದ್ದರು. ಅವರು 2017ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ತೀರಿಕೊಂಡರು.

ವಿನ್‌ಸ್ಟನ್ಸ್ ತಂಡದ ‘ಆಮೆನ್, ಬ್ರದರ್’ 1969ರ ಒಂದು ಚಿಕ್ಕ ತಟ್ಟೆಯ ಹಿಂಬದಿಯ ಗೀತೆ. ಅದರಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ನಾಲ್ಕು ಆವರ್ತಗಳ, ಸುಮಾರು ಏಳು ಸೆಕೆಂಡಿನ ಬ್ರೇಕು ಹಿಪ್‌ಹಾಪಿನಲ್ಲಿಯೂ ಬ್ರಿಟನ್ನಿನ ನೃತ್ಯಸಂಗೀತದಲ್ಲಿಯೂ ಎಣಿಕೆಗೆ ಸಿಗದಷ್ಟು ಸಲ ಬಳಕೆಯಾಗಿದೆ. 2015ರಲ್ಲಿ ಬ್ರಿಟನ್ನಿನ ಸಂಗೀತಾಭಿಮಾನಿಗಳು ತಾವಾಗಿಯೇ ನಿಧಿಯೊಂದನ್ನು ಕೂಡಿಸಿ, ತಂಡದ ನಾಯಕರೂ ಹಕ್ಕುದಾರರೂ ಆಗಿದ್ದ ರಿಚರ್ಡ್ ಸ್ಪೆನ್ಸರ್ ಅವರಿಗೆ ಸುಮಾರು 24,000 ಪೌಂಡುಗಳನ್ನು ಒಪ್ಪಿಸಿದರು. ಕೋಲ್ಮನ್ ಅಷ್ಟು ಹೊತ್ತಿಗೆ ಇರಲಿಲ್ಲ. 2006ರಲ್ಲಿ ಅವರು ಮನೆಯಿಲ್ಲದವರಾಗಿ, ಕಡುಬಡತನದಲ್ಲಿ ತೀರಿಕೊಂಡಿದ್ದರು.